ಕರಿಯಜ್ಜ ಓದಿಸಿದ ಕೆರೆ

ಹೋದ ವರ್ಷ ಮೇ ತಿಂಗಳ ಕೊನೆಗೆ, ಸಂಬಂಧಿಕರೊಬ್ಬರ ಮನೆಯ ಮದುವೆಗೆಂದು ಅಣ್ಣಿಗೇರಿಯಿಂದ ನವಲಗುಂದದ ಕಡೆ ಬಸ್ಸಿನಲ್ಲಿ ಹೊರಟಿದ್ದೆ. ಎದುರಿನಿಂದ ಸಾಲಾಗಿ ಟ್ರ್ಯಾಕ್ಟರುಗಳು ಬಂದವು, ಹಿಂದಿನ ಟ್ರೇಲರುಗಳ ತುಂಬ ಕೆರೆಯ ಹೂಳು. ಕಿಟಕಿಯಿಂದ ಅದರ ವಾಸನೆ ಒಳಗೆ ನುಗ್ಗಿತು. ಹಸಿ ಎರೆಮಣ್ಣು, ಕೊಳೆತ ಪಾಚಿ, ಸತ್ತ ಏಡಿ ಎಲ್ಲ ಕೂಡಿದ ವಾಸನೆ. ಪಕ್ಕದ ಸೀಟಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಕತ್ತು ಹೊರಗೆ ಹಾಕಿದೆ. "ಅಮ್ಮಾರ, ಈ ವಯಸ್ಸಿನ್ಯಾಗ ಏನ್ ನೋಡ್ತೀರಿ, ತಲಿ ಒಳಗ ತಗೋರಿ" ಎಂದು ಕಂಡಕ್ಟರ್ ಗದರಿದ. ಮದುವೆ ಹೇಗೂ ನಾಳೆ ಎಂದುಕೊಂಡು ಮುಂದಿನ ಕ್ರಾಸಿನಲ್ಲಿ ಇಳಿದೇಬಿಟ್ಟೆ.

ಆ ಊರಿನಲ್ಲಿ ನಾನು ಇದ್ದದ್ದು ಒಂದೇ ವರ್ಷ. ಊರಿನ ಹೆಸರು ಹೇಳುವುದಿಲ್ಲ. ಈ ಬರಹದಲ್ಲಿ ಬರುವವರ ಮೊಮ್ಮಕ್ಕಳು ಇನ್ನೂ ಅಲ್ಲೇ ಇದ್ದಾರೆ. ಶಲವಡಿಯಿಂದ ಬಹಳ ದೂರವಿಲ್ಲ ಎಂದರೆ ಸಾಕು. ಕೆರೆಯ ಏರಿ ಹತ್ತಿ ನೋಡಿದರೆ ಒಳಗೆ ಜೆಸಿಬಿ ಯಂತ್ರ ಹೂಳು ತೆಗೆಯುತ್ತಿತ್ತು. ತಳವನ್ನೆಲ್ಲ ಬಾಚಿದ ಆ ಯಂತ್ರ ನಡುವೆ ಆಳೆತ್ತರದ ಒಂದು ಮಣ್ಣುಗುಡ್ಡೆಯನ್ನು ಮಾತ್ರ ಮುಟ್ಟದೆ ಸುತ್ತುಹಾಕಿ ಹೋಗುತ್ತಿತ್ತು. ನನಗೆ ಕಣ್ಣು ತುಂಬಿ ಬಂತು. ಆ ಗುಡ್ಡೆಯನ್ನು ಒಂದು ಕಾಲಕ್ಕೆ ಮಂಟಪ ಎಂದು ಕರೆದು, ಹಾಗೆಂದೇ ಕಲ್ಲಿನ ಮೇಲೆ ಕೆತ್ತಿಸಿ, ಊರೆದುರು ತಲೆ ತಗ್ಗಿಸಿದವಳು ನಾನು.

ಅದು ಎಂಬತ್ತರ ದಶಕದ ನಡುವಿನ ಮಾತು. ಹುಬ್ಬಳ್ಳಿಯವಳಾದ ನಾನು ಇತಿಹಾಸದಲ್ಲಿ ಎಂ.ಎ. ಮಾಡಿ, ಬಿ.ಇಡಿ. ಮುಗಿಸಿ, ಆ ಊರಿನ ಹೈಸ್ಕೂಲಿಗೆ ಮೊದಲ ನೌಕರಿಗೆ ಬಂದಿದ್ದೆ. ಊರೆಲ್ಲ ನನ್ನನ್ನು ಅಕ್ಕೋರು ಎನ್ನುತ್ತಿತ್ತು. ಆ ಕಡೆ ಪಾಠ ಹೇಳುವ ಹೆಣ್ಣುಮಕ್ಕಳನ್ನು ಕರೆಯುವುದೇ ಹಾಗೆ. ಇಪ್ಪತ್ತೈದರ ವಯಸ್ಸಿನಲ್ಲಿ ಮುದುಕರೂ ಎದ್ದು ನಿಂತು ಅಕ್ಕೋರ ಎಂದರೆ ತಲೆ ತಿರುಗದೆ ಇರುತ್ತದೆಯೇ? ನನಗೂ ತಿರುಗಿತ್ತು. ಯಾರು ಏನು ಹೇಳಿದರೂ "ದಾಖಲೆ ಎಲ್ಲಿದೆ?" ಎಂದು ಕೇಳುವುದು ಚಟವಾಗಿತ್ತು. ಉಳಿದುಕೊಳ್ಳಲು ಊರಿನ ಹಿರಿಯರಾದ ಬಸನಗೌಡರು ತಮ್ಮ ಪಡಸಾಲೆಯ ಪಕ್ಕದ ಕೋಣೆ ಕೊಟ್ಟಿದ್ದರು. ಅವರ ಹೆಂಡತಿ, ಊರವರ ಬಾಯಲ್ಲಿ ಗೌಡಶಾನಿ, ದಿನಾ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ಕೊಡುತ್ತಿದ್ದರು.

ಆ ಭಾಗದಲ್ಲಿ ಬಾವಿ ತೋಡಿದರೆ ಉಪ್ಪು ನೀರು, ಕುಡಿಯಲು ಕೆರೆಯೇ ಗತಿ. ಬೆಳಿಗ್ಗೆ ನಾನೂ ಕೊಡ ಹಿಡಿದು ಗೌಡಶಾನಿಯ ಹಿಂದೆ ಹೋಗುತ್ತಿದ್ದೆ. ಕೆರೆಗೆ ಕಲ್ಲಿನ ಪಾವಟಿಗೆ ಇತ್ತು. ಮೆಟ್ಟಿಲುಗಳಿಗೆ ಅಲ್ಲಿ ಹಾಗೆನ್ನುತ್ತಾರೆ. ಅದರ ಮೇಲೆ ಇಳಿದು ಕೊಡ ಮುಳುಗಿಸುವವರು ಮೇಲಿನ ಓಣಿಗಳ ಹೆಂಗಸರು. ಕೆಳಗೇರಿಯವರು, ಅಂದರೆ ಊರು ತಲೆತಲಾಂತರದಿಂದ ಮುಟ್ಟದೆ ದೂರ ಇಟ್ಟವರು, ಪಕ್ಕದ ತಗ್ಗಿನಲ್ಲಿ ಖಾಲಿ ಕೊಡ ಇಟ್ಟು ನಿಲ್ಲಬೇಕು. ನಾವು ತುಂಬಿದ ಕೊಡವನ್ನು ಮೇಲಿನಿಂದ ಅವರ ಕೊಡಕ್ಕೆ ಸುರಿಯಬೇಕು. ಕಾನೂನು ಈ ಪದ್ಧತಿಯನ್ನು ಎಂದೋ ತೆಗೆದುಹಾಕಿತ್ತು, ಆ ಸುದ್ದಿ ಪಾವಟಿಗೆಯ ತನಕ ಬಂದಿರಲಿಲ್ಲ. ನಮ್ಮದು, ಎಲ್ಲರೂ ಸಮ ಎಂದು ದಿನಾ ಸಂಜೆ ಶಿವನ ಮುಂದೆ ಹಾಡುವ ಮನೆತನ. ಆ ಹಾಡಿನ ಬಲದಿಂದ ನಾನು ಉಳಿದವರಿಗಿಂತ ಎರಡು ಕೊಡ ಹೆಚ್ಚು ಸುರಿಯುತ್ತಿದ್ದೆ. ಪುಣ್ಯ ಕಟ್ಟಿಕೊಂಡೆ ಎಂದು ಹಿಗ್ಗುತ್ತಲೂ ಇದ್ದೆ.

ಹಾಗೆ ತಗ್ಗಿನಲ್ಲಿ ನಿಲ್ಲುವವರಲ್ಲಿ ದುರಗವ್ವ ಎಂಬ ಮುದುಕಿ ಇದ್ದಳು. ಎಂಬತ್ತರ ಹತ್ತಿರದ ಜೀವ. ಬೆನ್ನು ಬಾಗಿತ್ತು, ಮಾತು ಮಾತ್ರ ನೆಟ್ಟಗಿತ್ತು. "ಸಾವಕಾಶ ಹಾಕ್ರಿ ಅಕ್ಕೋರ, ಅರ್ಧಾ ನೀರು ನೆಲದ ಪಾಲಾತು" ಎಂದು ಮೊದಲ ದಿನವೇ ಹೇಳಿದ್ದಳು. ನಾನು ದೊಡ್ಡ ಮನಸ್ಸು ಮಾಡಿ, "ನಾಳಿಂದ ನಿನ್ನ ಕೊಡಾ ನಾನ ತುಂಬಿಸಿ ಕೊಡ್ತೀನಿ ಆಯೀ" ಎಂದೆ.

"ತುಂಬಿಸಿ ಕೊಡಾವ್ರು ಭಾಳ ಮಂದಿ ಆಗಿ ಹೋದ್ರವ್ವಾ. ನನಗ ಬೇಕಾದ್ದು ಅದಲ್ಲ. ಸಾಯೂದ್ರೊಳಗ ಒಮ್ಮಿ ಆ ಪಾವಟಗಿ ಇಳದು ನನ್ನ ಕೊಡಾ ನಾನ ಮುಳುಗಸಬೇಕು. ಬುಡುಬುಡು ಅಂತೈತಲ್ಲ, ಆ ಸಪ್ಪಳಾ ನನ್ನ ಕೈಯಾಗ ಬರಬೇಕು. ಅಷ್ಟ ಸಾಕು."

ನಾನು ನಕ್ಕು, ಉಳಿದ ನೀರನ್ನೂ ಅವಳ ಕೊಡಕ್ಕೇ ಸುರಿದೆ.

ದುರಗವ್ವನ ಮಗ ಹನಮಂತಪ್ಪ ಮಾಸ್ತರರು. ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಅ ಆ ಇ ಈ ತಿದ್ದಿಸಿ ಆಗಷ್ಟೇ ನಿವೃತ್ತರಾಗಿದ್ದರು. ಕೆಳಗೇರಿಯ ನಾಲ್ಕೈದು ಮನೆಗಳು ಹಿಂದೆಯೇ ಬೌದ್ಧ ಧರ್ಮಕ್ಕೆ ಸೇರಿದ್ದವು, ಅವುಗಳಲ್ಲಿ ಅವರದೂ ಒಂದು. ಸಂಕ್ರಾಂತಿಯ ಸುಮಾರಿಗೆ ಒಂದು ಸಂಜೆ ಸ್ಕೂಲಿನಿಂದ ಬರುವಾಗ ನನ್ನನ್ನು ನಿಲ್ಲಿಸಿ, "ಅಕ್ಕೋರ, ನಿಮ್ಮ ಇಂಗ್ಲಿಷ್ ಛಲೋ ಐತಂತ. ಒಂದು ಪುಸ್ತಕ ಐತಿ, ಎರಡು ವರ್ಷಾತು ಡಿಕ್ಷನರಿ ಹಿಡಕೊಂಡು ಹೆಣಗಾಡಾಕತ್ತೀನಿ. ಸ್ವಲ್ಪ ಕೈ ಹಚ್ಚತೀರೇನ್ರಿ?" ಎಂದು ಕೇಳಿದರು. ಅವರ ಮನೆಯ ಕಟ್ಟೆಯ ಮೇಲೆ ಕೂತೆ. ಒಳಗೆ ಬುದ್ಧನ ಪಟದ ಕೆಳಗಿನ ಟ್ರಂಕಿನಿಂದ ಅವರು ತೆಗೆದು ತಂದದ್ದು ಇಟ್ಟಿಗೆಯಷ್ಟು ದಪ್ಪದ ಪುಸ್ತಕ. ರಟ್ಟು ಇಲ್ಲ, ಮೊದಲ ಇಪ್ಪತ್ತು ಪುಟ ಇಲಿಯ ಪಾಲು. ಹುಬ್ಬಳ್ಳಿಯ ರದ್ದಿ ಅಂಗಡಿಯಲ್ಲಿ ಸಿಕ್ಕಿತ್ತಂತೆ. ಬರೆದವನ ಹೆಸರು ಎಲ್ಲೂ ಇರಲಿಲ್ಲ. ಅಮೆರಿಕದ ಕರಿಯ ಪಂಡಿತನೊಬ್ಬ ತನ್ನ ಜನರ ಬಿಡುಗಡೆಗಾಗಿ ಬಾಳೆಲ್ಲ ಬಡಿದಾಡುತ್ತ ಬರೆದದ್ದು ಎಂಬುದಷ್ಟು ಓದುತ್ತ ತಿಳಿಯುತ್ತಿತ್ತು.

"ಹೆಸರು ಇಲ್ಲದ್ದು ಛಲೋ ಆತು ಬಿಡ್ರಿ. ನಾನು ಕರಿಯಜ್ಜ ಅಂತ ಕರಿತೀನಿ. ನಮ್ಮ ಓಣ್ಯಾಗ ಮೂರು ಮಂದಿ ಕರಿಯಜ್ಜ ಅದಾರ, ಇಂವಾ ನಾಲ್ಕನೇದಾಂವ" ಎಂದು ಮಾಸ್ತರರು ನಕ್ಕರು. ಮುಂದೆ ಧಾರವಾಡದ ಲೈಬ್ರರಿಯಲ್ಲಿ ಅದೇ ಪುಸ್ತಕದ ಪೂರ್ತಿ ಪ್ರತಿ ನೋಡಿ ಹೆಸರು ತಿಳಿದುಕೊಂಡೆ. ಆದರೂ ನನಗೆ ಆತ ಇಂದಿಗೂ ಕರಿಯಜ್ಜನೇ.

ವಾರಕ್ಕೆ ಮೂರು ಸಂಜೆ ನಮ್ಮ ಓದು ನಡೆಯಿತು. ನಾನು ವಾಕ್ಯ ಬಿಡಿಸಿ ಹೇಳುವುದು, ಅವರು ಕನ್ನಡದಲ್ಲಿ ನೋಟ್‌ಬುಕ್ಕಿಗೆ ಬರೆದುಕೊಳ್ಳುವುದು. ಎದುರಿಗೆ ಕೂತು ದುರಗವ್ವ ಹತ್ತಿ ಬಿಡಿಸುತ್ತಿದ್ದಳು. ಪುಸ್ತಕದೊಳಗೂ ಹತ್ತಿಯೇ. ಅಲ್ಲಿಯ ಗುಲಾಮರು ತಲೆಮಾರುಗಟ್ಟಲೆ ಬಿಡಿಸಿದ್ದು ಹತ್ತಿಯನ್ನೇ. ಅವರ ದೇಶದಲ್ಲಿ ಉತ್ತರದವರಿಗೂ ದಕ್ಷಿಣದವರಿಗೂ ಯುದ್ಧವಾಗಿ, ಯಾರೋ ದೊಡ್ಡವರು ಸಹಿ ಹಾಕಿ, ಗುಲಾಮರಿಗೆ ಬಿಡುಗಡೆಯನ್ನು ದಾನ ಕೊಟ್ಟರು ಎಂದು ನಾನು ಓದಿ ಪಾಸಾಗಿದ್ದೆ. ಕರಿಯಜ್ಜ ಅದನ್ನು ಒಪ್ಪುವುದಿಲ್ಲ. ಯುದ್ಧ ಶುರುವಾದಾಗ ಗುಲಾಮರು ಕೈಕಟ್ಟಿ ಕೂತು ಕಾಯಲಿಲ್ಲ, ಹೊಲದಲ್ಲೇ ಕೆಲಸ ಬಿಟ್ಟು ಸಾವಿರಗಟ್ಟಲೆ ಎದ್ದು ನಡೆದರು, ಎದುರು ಪಾಳೆಯಕ್ಕೆ ಹೋಗಿ ಸೇರಿದರು, ಬಂದೂಕನ್ನೂ ಹಿಡಿದರು ಎನ್ನುತ್ತಾನೆ. ದೊರೆಗಳ ಅನ್ನ, ಬಟ್ಟೆ, ಸೈನ್ಯ ಎಲ್ಲವೂ ನಿಂತದ್ದು ಆ ಕೈಗಳ ಮೇಲೆ. ಕೈ ಹಿಂದೆಗೆದವು, ದೊರೆತನ ಕುಸಿಯಿತು. ಅದನ್ನು ಮುಷ್ಕರ ಎಂದು ಕರೆಯದೆ ಓಡಿಹೋಗುವುದು ಎಂದು ಬರೆದವರು ಪಂಡಿತರು. ಯಾರ ಬೆವರಿನಿಂದ ಲೋಕ ನಡೆಯಿತೋ ಅವರನ್ನು ಬಿಟ್ಟು ಬರೆದದ್ದು ಇತಿಹಾಸವಲ್ಲ, ಗೆದ್ದವರು ತಮಗೆ ತಾವೇ ಹೇಳಿಕೊಳ್ಳುವ ಜೋಗುಳ ಎಂಬುದು ಆತನ ವಾದದ ತಿರುಳು ಎಂದು ನಾನು ತಿಳಿದೆ.

ಮಾಸ್ತರರಿಗೆ ಇನ್ನೊಂದು ಮಾತು ಬಹಳ ನಾಟಿತ್ತು. ತುಳಿತಕ್ಕೆ ಸಿಕ್ಕವನು ತನ್ನನ್ನು ತಾನು ತುಳಿಯುವವರ ಕಣ್ಣಿನಿಂದಲೇ ನೋಡಿಕೊಳ್ಳುತ್ತಾನೆ ಎಂಬ ಮಾತು. ಅದನ್ನು ಓದಿದ ಸಂಜೆ ಅವರು ಪೆನ್ನು ಕೆಳಗಿಟ್ಟರು. "ಸಣ್ಣಾಂವ ಇದ್ದಾಗ ಸಾಲ್ಯಾಗ ನಮ್ಮೂರ ಕೆರಿ ಅಂತ ನಿಬಂಧ ಬರೆದಿದ್ದೆ ಅಕ್ಕೋರ. ಗೌಡರ ಮುತ್ತಜ್ಜ ಕೆರಿ ಕಟ್ಟಿ ಊರಿಗೆ ನೀರು ಕುಡಸಿದರು, ಅವರ ಋಣ ದೊಡ್ಡದು ಅಂತ. ಮೊದಲನೇ ನಂಬರ್ ಬಂತು. ಬಹುಮಾನ ತಗೊಂಡು ಬಂದು ಅದ ತಗ್ಗಿನ್ಯಾಗ ಕೊಡಾ ಇಟ್ಟು ನಿಂತೆ. ಎರಡಕ್ಕೂ ಸಂಬಂಧ ಐತಿ ಅಂತ ಅವತ್ತು ನನಗ ಹೊಳೀಲಿಲ್ಲ."

ನನಗೂ ಹೊಳೆಯಲಿಲ್ಲ. ಅಮೆರಿಕದ ಹತ್ತಿ ಹೊಲಕ್ಕೆ ತಲೆದೂಗುತ್ತಿದ್ದ ನಾನು ಹಿತ್ತಲ ಗಿಡ ಮದ್ದಲ್ಲ ಎನ್ನುವವರ ಜಾತಿಗೆ ಸೇರಿದವಳು.

ಯುಗಾದಿಯ ಹೊತ್ತಿಗೆ ಕೆರೆ ಬತ್ತಿ ಒಂದು ಮೂಲೆಯಲ್ಲಿ ಮಾತ್ರ ನೀರು ಉಳಿಯಿತು. ಆ ವರ್ಷ ಸರ್ಕಾರದ ಕಾಮಗಾರಿಯಲ್ಲಿ ಹೂಳೆತ್ತಿಸಿ, ಮುರಿದ ಪಾವಟಿಗೆ ಸರಿಮಾಡಿಸಿ, ಹಳ್ಳದ ನೀರು ಕೆರೆಗೆ ಬರುವ ಕಾಲುವೆಯನ್ನು ಹೊಸದಾಗಿ ತೋಡಿಸುವುದೆಂದು ನಿಶ್ಚಯವಾಯಿತು. ಕೆಲಸಕ್ಕೆ ಇಳಿದವರಲ್ಲಿ ಹೆಚ್ಚಿನವರು ಕೆಳಗೇರಿಯವರು. ಬಸನಗೌಡರಿಗೆ ಏರಿಯ ಮೇಲೆ ಒಂದು ಕಲ್ಲು ನಿಲ್ಲಿಸಿ ಕೆರೆಯ ಇತಿಹಾಸ ಬರೆಸುವ ಆಸೆ. "ಅಕ್ಕೋರ, ನೀವು ಹಿಸ್ಟರಿ ಓದಿದಾವ್ರು. ಅಗದಿ ನೆಟ್ಟಗ ಹತ್ತು ಸಾಲು ಬರೀರಿ" ಎಂದರು. ಅವರ ಬೆಣ್ಣೆ ತಿಂದ ಬಾಯಿ ಆಯಿತು ಎಂದಿತು.

ಬತ್ತಿದ ಕೆರೆಯಲ್ಲಿ ಅಡ್ಡಾಡಿದೆ. ನಡುವೆ ಆ ಗುಡ್ಡೆ ಕಂಡಿತು. ನಾಲ್ಕು ಮೂಲೆ ಇದ್ದಂತೆ ಕಾಣುವ ಆಕಾರ, ನೆತ್ತಿ ಸಮ, ಸುತ್ತ ಕಲ್ಲು ಜೋಡಿಸಿದ್ದಾರೆ. ಮೇಲೆ ಅರಿಸಿನ ಕುಂಕುಮ. ಯುಗಾದಿಯ ಮರುದಿನ ಕೆಳಗೇರಿಯ ಹೆಂಗಸರು ಬಂದು ಹಚ್ಚಿ ಹೋಗುತ್ತಾರೆಂದು ಯಾರೋ ಹೇಳಿದರು. ಕೆರೆ ಕಟ್ಟಿಸಿದ ಪುಣ್ಯಾತ್ಮನ ಮೇಲಿನ ಭಕ್ತಿ ಎಂದು ನಾನೇ ತೀರ್ಮಾನ ಮಾಡಿದೆ. ದೊಡ್ಡ ದೊಡ್ಡ ಕೆರೆಗಳ ನಡುವೆ ಅರಸರು ಮಂಟಪ ಕಟ್ಟಿಸಿದ್ದನ್ನು ಚಿತ್ರಗಳಲ್ಲಿ ನೋಡಿದ್ದೆ. ಕೈಗೆ ಪೆನ್ನು ಬಂದಿತು. ಗೌಡರ ಮುತ್ತಜ್ಜ ಕೆರೆ ಕಟ್ಟಿಸಿ, ನಡುವೆ ಜಲಮಂಟಪ ಕಟ್ಟಿಸಿ, ಊರಿನ ಸಮಸ್ತರ ದಾಹ ತೀರಿಸಿದರೆಂದು ಹತ್ತು ಸಾಲು ಬರೆದೆ. ಎಲ್ಲರಿಗೂ ದಾಖಲೆ ಕೇಳುವವಳು ನನಗೆ ನಾನು ಕೇಳಿಕೊಳ್ಳಲಿಲ್ಲ. ಗೌಡರು ಓದಿಸಿ ಕೇಳಿ ಕಣ್ಣೊರೆಸಿಕೊಂಡರು. ಕಲ್ಲು ಕೆತ್ತುವವನಿಗೆ ಹಾಳೆ ಹೋಯಿತು.

ಮೇ ತಿಂಗಳ ಕೊನೆಗೆ ಕಲ್ಲು ಸಿದ್ಧವಾಗಿ ಏರಿಯ ಮೇಲೆ ಮಲಗಿತ್ತು. ಹೂಳು ಅರ್ಧಕ್ಕೂ ಹೆಚ್ಚು ಎದ್ದಿತ್ತು, ಕಾಲುವೆ ಮುಗಿಯಲು ಇನ್ನು ಇಪ್ಪತ್ತು ಮಾರು ಉಳಿದಿತ್ತು. ಮಂಟಪದ ಬುಡ ಕಾಣುವಂತೆ ಗುಡ್ಡೆಯ ಮೇಲಿನ ಮಣ್ಣು ಕೆತ್ತಿ ತೆಗೆಯಿರಿ ಎಂದು ಮೇಸ್ತ್ರಿ ಇಬ್ಬರನ್ನು ಹಚ್ಚಿದ. ಅವರು ಹೊರಗಿನಿಂದ ಬಂದವರು, ಗುದ್ದಲಿ ಹಾಕಿದರು. ಎರಡು ಕಲ್ಲು ಉರುಳಿದವು, ಒಂದು ಬದಿಯ ಮಣ್ಣು ಜಾರಿತು. ಅದನ್ನು ನೋಡಿ ಕೆರೆಯಲ್ಲಿದ್ದ ಕೆಳಗೇರಿಯವರೆಲ್ಲ ಒಬ್ಬರ ಹಿಂದೆ ಒಬ್ಬರು ಬುಟ್ಟಿ ಕೆಳಗಿಟ್ಟರು. ಗದ್ದಲವಿಲ್ಲ, ಬೈಗುಳವಿಲ್ಲ. ಬುಟ್ಟಿಗಳನ್ನು ಗುಡ್ಡೆಯ ಸುತ್ತ ಬೋರಲು ಹಾಕಿ ಏರಿ ಹತ್ತಿ ಮನೆಗೆ ಹೋದರು. ಸ್ಕೂಲಿಗೆ ರಜೆ ಇದ್ದುದರಿಂದ ನಾನು ಏರಿಯ ಮೇಲೆ ನಿಂತು ನನ್ನ ಕಲ್ಲನ್ನು ನೋಡಿ ಸಂತೋಷಪಡುತ್ತಿದ್ದೆ. ಏನಾಯಿತೆಂದು ತಿಳಿಯದೆ ಮಾಸ್ತರರ ಮನೆಗೆ ಓಡಿದೆ.

ಹೇಳಿದವಳು ದುರಗವ್ವ. "ಅದು ಮಂಟಪ ಅಲ್ಲವ್ವಾ, ಸಾಕ್ಷಿ. ಕೆರಿ ಅಗಿಯೂ ಮುಂದ ನಡುವ ಒಂದೊಂದು ಮಣ್ಣಿನ ಕಂಬ ಕಡೀಲಾರದ ಬಿಡ್ತಾರ. ಮೊದಲ ನೆಲ ಎಲ್ಲಿತ್ತು, ಎಷ್ಟು ಆಳ ಹೋತು ಅಂತ ಅಳಿಯಾಕ. ಅಳತಿ ಆದ ಮ್ಯಾಲ ಎಲ್ಲಾ ಕಡದು, ಕಟ್ಟಕಡೀ ಸಾಕ್ಷಿಗೆ ಪೂಜಿ ಮಾಡಿ, ಹೋಳಿಗಿ ಉಂಡು, ಅಗದಾವ್ರ ಕಡೀತಾರ. ಕಡದ್ರ ಕೆಲಸ ಮುಗೀತು, ಕೆರಿ ಊರಿಗೆ ಒಪ್ಪಿಸಿದಂಗ. ನಮ್ಮ ಹಿರ್‍ಯಾರು ಈ ಕೆರಿ ಅಗದ್ರು. ನಮ್ಮ ಅಮ್ಮ, ಅಂದ್ರ ಅಪ್ಪನ ಅವ್ವ, ಕೂಸಿನ್ನ ಬುಟ್ಯಾಗ ಮಲಗಿಸಿ ಮಣ್ಣು ಹೊತ್ತಾಕಿ. ಇನ್ನೇನು ಸಾಕ್ಷಿ ಕಡೀಬೇಕು, ಆವಾಗಿನ ಗೌಡರ ಮಂದಿ ಬಂದು, ನೀರು ಬಂದ ಮ್ಯಾಲ ನೀವು ಪಾವಟಗಿ ಮ್ಯಾಲ ಕಾಲಿಡಬ್ಯಾಡ್ರಿ ಅಂದ್ರು. ಹಂಗಾರ ಇದನ್ನ ನಾವು ಕಡಿಯಂಗಿಲ್ಲ ಅಂತ ಬುಟ್ಟಿ ಬೋರಲ ಹಾಕಿ ಎದ್ದು ಹೋದ್ರು. ಒಂದು ಹಂಗಾಮು ಊರ ಬಿಟ್ಟು ಬ್ಯಾರೆ ಕಡೆ ದುಡದ್ರು. ಕೆರಿ ಇನ್ನೂ ಒಪ್ಪಿಸಿಲ್ಲವ್ವಾ. ಅದಕ್ಕ ವರ್ಷಾ ಕಲ್ಲು ಕೊಟ್ಟು, ಮಣ್ಣು ಮೆತ್ತಿ ಕಾಯ್ಕೊಂಡು ಬಂದೀವಿ."

ನಾನು ಮಾಸ್ತರರ ಕಡೆ ತಿರುಗಿದೆ. "ಸಂಕ್ರಾಂತಿಯಿಂದ ಇದ ಕಟ್ಟಿ ಮ್ಯಾಲ ಕೂತು ಓದಿದ್ವಿ. ಒಂದು ಮಾತು ಯಾಕ ಹೇಳಲಿಲ್ರಿ ಮಾಸ್ತರ?"

"ನೀವು ಯಾವತ್ತು ಕೇಳೀದ್ರಿ ಅಕ್ಕೋರ?" ಎಂದರು ಅವರು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು. "ಕಲ್ಲಿನ ಮ್ಯಾಲೆ ಏನು ಬರಿಯಾಕತ್ತೀರಿ ಅಂತ ನಮಗೂ ಯಾರೂ ಹೇಳಲಿಲ್ಲ. ಕೈ ಕೆಸರಾದ್ರ ಬಾಯಿ ಮೊಸರು ಅಂತಾರ. ಈ ಕೆರ್‍ಯಾಗ ಕೈ ಒಬ್ಬರದು, ಬಾಯಿ ಒಬ್ಬರದು."

ಗೌಡರು ಯಮನೂರಿನ ದರ್ಗಾಕ್ಕೆ ಹರಕೆ ಮುಟ್ಟಿಸಲು ಹೋದವರು ಸಂಜೆಗೆ ಬಂದು ಬೋರಲು ಬುಟ್ಟಿಗಳನ್ನು ನೋಡಿದರು. ಕೆಳಗೇರಿಯಿಂದ ಒಂದೇ ಮಾತು ಬಂದಿತ್ತು. ಪಾವಟಿಗೆ ನಮಗೂ ಇರಲಿ, ನಮ್ಮ ಕೊಡ ನಾವೇ ತುಂಬಿಕೊಳ್ಳುತ್ತೇವೆ, ಅಲ್ಲಿಯವರೆಗೆ ಬುಟ್ಟಿ ಎತ್ತುವುದಿಲ್ಲ. ಮೊದಲ ದಿನ ಗೌಡರು ನಕ್ಕರು. ಎರಡನೆಯ ದಿನ ಮೇಲಿನ ಓಣಿಯ ಎಂಟು ಗಂಡಾಳುಗಳು ಕಾಲುವೆಗೆ ಇಳಿದರು. ಎರೆನೆಲವನ್ನು ಬೇಸಿಗೆಯಲ್ಲಿ ಅಗೆಯುವುದು ಬಾಯಿ ಮಾತಲ್ಲ. ಮಧ್ಯಾಹ್ನಕ್ಕೆ ಅಂಗೈಯ ಬೊಬ್ಬೆ ನೋಡಿಕೊಳ್ಳುತ್ತ ಮೇಲೆ ಬಂದರು. ಮೂರನೆಯ ದಿನ ಪಡುವಣದಲ್ಲಿ ಮೋಡ ಕಟ್ಟಿತು. ಮಿರಗದ ಮಳೆ, ಅಂದರೆ ಜೂನಿನ ಮೃಗಶಿರಾ ಮಳೆ, ಬಾಗಿಲಲ್ಲಿತ್ತು. ಕಾಲುವೆ ತೆರೆಯದೆ ಹಳ್ಳ ಬಂದರೆ ನೀರೆಲ್ಲ ಬೇರೆ ದಾರಿ ಹಿಡಿದು ಹೋಗುತ್ತದೆ, ವರ್ಷಪೂರ್ತಿ ಊರಿಗೆ ಕುಡಿಯಲು ನೀರಿಲ್ಲ.

ಅಂದು ಎಲ್ಲರೂ ಏರಿಯ ಮೇಲೆ ಸೇರಿದರು. ಒಂದು ಕಡೆ ಗೌಡರು ಮತ್ತು ಹಿರಿಯರು, ಇನ್ನೊಂದು ಕಡೆ ಮಾಸ್ತರರು, ದುರಗವ್ವ, ಕೆಳಗೇರಿಯ ಮಂದಿ. ನಡುವೆ ನನ್ನ ಕಲ್ಲು. ಗೌಡರು ನೇರವಾಗಿ ನನ್ನನ್ನೇ ಕೇಳಿದರು. "ಅಕ್ಕೋರ, ನೀವು ಮಂಟಪ ಅಂತ ಬರದೀರಿ. ಇವರು ಸಾಕ್ಷಿ ಅಂತಾರ. ಓದಿದಾವ್ರು ನೀವು. ಯಾವುದು ಖರೇ?"

ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನಾದರೂ ಹೇಳಿ ಪಾರಾಗುವ ಆಸೆ ಬಂದದ್ದು ಸುಳ್ಳಲ್ಲ. ಎದ್ದು ಕೆರೆಗೆ ಇಳಿದೆ. ಗುಡ್ಡೆಯ ಜಾರಿದ ಬದಿಯನ್ನು ಕೈಯಿಂದ ಒರೆಸಿ ನೋಡಿದೆ. ಮೇಲೆ ಕರಿ ಎರೆಮಣ್ಣು, ಅದರ ಕೆಳಗೆ ಹಳದಿ ಮಣ್ಣು, ಬುಡದಲ್ಲಿ ಗಟ್ಟಿ ಗರಸು ಮಣ್ಣು, ಪಕ್ಕದ ಹೊಲದಲ್ಲಿ ಗುಂಡಿ ತೋಡಿದರೆ ಹೇಗೆ ಕಾಣುತ್ತದೋ ಹಾಗೆ. ಗಚ್ಚಿಲ್ಲ, ಇಟ್ಟಿಗೆ ಇಲ್ಲ, ಅಡಿಪಾಯವಿಲ್ಲ. ಯಾರೂ ಕಟ್ಟಿದ್ದಲ್ಲ. ಸುತ್ತಲಿನದನ್ನೆಲ್ಲ ತೆಗೆದ ಮೇಲೆ ಉಳಿದ ನೆಲ. ನಾನು ವರ್ಷವಿಡೀ ಕೇಳುತ್ತಿದ್ದ ದಾಖಲೆ ಅಲ್ಲಿ ನಿಂತಿತ್ತು.

ಮೇಲೆ ಬಂದು ಹೇಳಿದೆ. "ಸಾಕ್ಷಿನ ಖರೇರಿ ಗೌಡ್ರ. ನಾನು ಬರದದ್ದು ತಪ್ಪು. ನೋಡಲಾರದ, ಕೇಳಲಾರದ ಬರದೀನಿ."

"ನಮ್ಮ ಮುತ್ತಜ್ಜ ಕೆರಿ ಮಾಡಿಸಿದ್ದೂ ಸುಳ್ಳೇನು?"

"ಅದು ಸುಳ್ಳಲ್ರಿ. ಅವರು ಮಾಡಿಸ್ಯಾರ. ಇವರು ಅಗದಾರ. ಅಗದಾವ್ರ ಸುದ್ದಿ ನಾನು ಬರೀಲೇ ಇಲ್ಲ."

ಇಲ್ಲಿ ನಾನು ಎಚ್ಚರದಿಂದ ಬರೆಯಬೇಕು. ನನ್ನ ತಪ್ಪೊಪ್ಪಿಗೆ ಕೇಳಿ ಊರು ಕರಗಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಬಹಳ ವರ್ಷ ನನ್ನ ವಿದ್ಯಾರ್ಥಿಗಳಿಗೆ ಹಾಗೆಯೇ ಹೇಳುತ್ತಲೂ ಬಂದೆ. ಆದರೆ ಕರಿಯಜ್ಜ ಬೇಡವೆಂದದ್ದು ಇಂಥ ಇತಿಹಾಸವನ್ನೇ. ಹಾಗೆ ಹೇಳಿದರೆ ಕೊಟ್ಟವರು ಇಲ್ಲೂ ಬೇರೆ ಯಾರೋ ಆಗುತ್ತಾರೆ, ಪಡೆದವರು ಮಾತ್ರ ತಗ್ಗಿನಲ್ಲಿ ಕೊಡ ಇಟ್ಟು ನಿಂತವರು. ನಡೆದದ್ದು ಹಾಗಲ್ಲ. ನನ್ನ ಮಾತು ಮುಗಿದ ಮೇಲೂ ಹಿರಿಯರು ಗೊಣಗುತ್ತಲೇ ಇದ್ದರು. ಊರನ್ನು ಬಗ್ಗಿಸಿದ್ದು ಮೂರು ದಿನ ಬೋರಲು ಬಿದ್ದಿದ್ದ ಆ ಬುಟ್ಟಿಗಳು. ನಾನು ಹೇಳಿದ ಸತ್ಯದಿಂದ ಆದದ್ದು ಇಷ್ಟೇ, ಅವರ ದಾರಿಯಲ್ಲಿ ನಾನೇ ಅಡ್ಡ ಇಟ್ಟಿದ್ದ ಕಲ್ಲು ಪಕ್ಕಕ್ಕೆ ಸರಿಯಿತು.

ಕೊನೆಗೆ ಮಾತು ಮುಗಿಸಿದವರು ಗೌಡಶಾನಿ. ಹಿಂದೆ ಖಾಲಿ ಕೊಡ ಹಿಡಿದು ನಿಂತಿದ್ದವರು ಮೋಡದ ಕಡೆ ಕೈ ತೋರಿಸಿ ಗಂಡನಿಗೆ, "ಮಳಿ ಬಂದ್ರ ನೀರು ಎಲ್ಲಿ ಹಿಡೀತೀರಿ? ನಿಮ್ಮ ಮುತ್ತಜ್ಜನ ಕಲ್ಲಿನ ಮ್ಯಾಲೇನು? ಅಗಿಯಾವ್ರು ಬುಟ್ಟಿ ಬೋರಲ ಹಾಕ್ಯಾರ, ನೀವು ಇಲ್ಲಿ ಖರೇ ಸುಳ್ಳು ತೂಗಾಕತ್ತೀರಿ. ಪಾವಟಗಿ ಎಲ್ಲಾರಿಗೂ ಅನ್ರಿ, ಹೋಗೂಣು" ಎಂದರು. ಹಿಂದಿದ್ದ ಯಾರೋ ನಕ್ಕರು. ಗೌಡರು ತಲೆಯೆತ್ತಿ ಮೋಡ ನೋಡಿದರು. ಆಮೇಲೆ "ಆತು, ಇಳೀರಿ" ಎಂದರು. ಅದು ಪ್ರೀತಿಯಿಂದ ಬಂದ ಮಾತಲ್ಲ. ಆದರೂ ಊರೆದುರು ಬಂದ ಮಾತು.

"ಹಂಗಾರ ಈ ಕಲ್ಲು?" ಎಂದು ಕಲ್ಲು ಕೆತ್ತುವವ ಕೇಳಿದ. ಅವನಿಗೆ ಅವನ ಚಿಂತೆ. ಅವನೇ ಮುಂದುವರಿದು, "ಪಾವಟಗೀದು ಮ್ಯಾಲಿನ ಮೆಟ್ಟಲಾ ಒಡದೈತ್ರಿ. ಅಳತಿ ಸರಿ ಕೂಡತೈತಿ. ಬೋರಲ ಹಾಕಿದ್ರ ಕೆಲಸಕ್ಕ ಬರತೈತಿ" ಎಂದ. ಗೌಡರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ನಮ್ಮಿಬ್ಬರ ಮಾನವೂ ಒಂದೇ ಕಲ್ಲಿನಲ್ಲಿತ್ತು. "ಹಾಕು" ಎಂದರು ಗೌಡರು.

ಕೆಳಗೇರಿಯವರು ಆ ಮಧ್ಯಾಹ್ನವೇ ಬುಟ್ಟಿ ಎತ್ತಿದರು. ಉಳಿದ ಇಪ್ಪತ್ತು ಮಾರು ಎರಡು ದಿನದಲ್ಲಿ ಮುಗಿಯಿತು. ಸಾಕ್ಷಿಯ ಜಾರಿದ ಬದಿಗೆ ಅವರೇ ಮಣ್ಣು ಮೆತ್ತಿ ಕಲ್ಲು ಕೊಟ್ಟರು. ಇನ್ನಾದರೂ ಕಡಿಯಬಹುದಲ್ಲ ಎಂದು ಹಿರಿಯರೊಬ್ಬರು ಕೇಳಿದ್ದಕ್ಕೆ ದುರಗವ್ವ, "ಬಾಯಿ ಮಾತು ಕೇಳೀವ್ರಿ. ನೀರ ಮಾತು ಕೇಳೂಣು, ಆಮ್ಯಾಲ ನೋಡೂಣು" ಎಂದಳು. ಮಾಸ್ತರರು ಅದನ್ನು ಆ ಸಂಜೆ ಕರಿಯಜ್ಜನ ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದುಕೊಂಡರು. ಆತನ ಪುಸ್ತಕದಲ್ಲೂ ಹಾಗೆಯೇ, ಬಿಡುಗಡೆಯಾದ ಮೇಲಿನ ಅಧ್ಯಾಯಗಳೇ ಹೆಚ್ಚು ದುಃಖದವು. ಕೊಟ್ಟ ಮಾತನ್ನು ಹಿಂದಕ್ಕೆ ಕಸಿದುಕೊಂಡ ಅಧ್ಯಾಯಗಳವು.

ಮಿರಗ ಜೋರಾಗಿ ಹಿಡಿಯಿತು. ಮೂರು ದಿನಕ್ಕೆ ಕೆರೆ ತುಂಬಿ ಗುಡ್ಡೆ ಮುಳುಗಿತು. ನೀರು ತಿಳಿಯಾದ ಬೆಳಿಗ್ಗೆ ಕೆಳಗೇರಿಯ ಹೆಂಗಸರು ಪಾವಟಿಗೆಯ ಹತ್ತಿರ ಬಂದು ನಿಂತರು. ಯಾರಿಗೂ ಮೊದಲು ಕಾಲಿಡುವ ಧೈರ್ಯವಿಲ್ಲ. ಮೇಲಿನ ಓಣಿಯ ಕೆಲವರು ಅಂದು ನೀರಿಗೇ ಬಂದಿರಲಿಲ್ಲ, ಬಂದವರು ದೂರ ಸರಿದು ನಿಂತಿದ್ದರು. ದುರಗವ್ವ ಮುಂದೆ ಬಂದು, ಬರಿಗಾಲನ್ನು ನನ್ನ ಬೋರಲು ಕಲ್ಲಿನ ಮೇಲಿಟ್ಟಳು. ಒಂದೊಂದೇ ಮೆಟ್ಟಿಲು ಇಳಿದಳು. ಮುದುಕಿ ಜಾರಿಯಾಳೆಂದು ನಾನು ಕೊಡಕ್ಕೆ ಕೈಹಾಕಿದೆ.

"ಬಿಡ್ರಿ ಅಕ್ಕೋರ. ಇಷ್ಟು ದಿನ ನೀವು ಎತ್ತೀರಿ."

ಬಿಟ್ಟೆ. ಅವಳು ಕೂತು, ಅಂಗೈಯಿಂದ ನೀರಿನ ಮೇಲಿನ ಕಸ ಸರಿಸಿ, ಕೊಡವನ್ನು ಓರೆ ಮಾಡಿ ಒತ್ತಿದಳು. ಬುಡುಬುಡು ಸದ್ದು ಬಂತು. ಕೊಡ ತುಂಬಿದ ಮೇಲೆ ಅದನ್ನು ಎತ್ತದೆ ಪೂರ್ತಿ ಚೆಲ್ಲಿ, ಮತ್ತೆ ಮುಳುಗಿಸಿದಳು. ಮತ್ತೆ ಚೆಲ್ಲಿ ಮತ್ತೆ ಮುಳುಗಿಸಿದಳು. ಮೂರನೆಯ ಸಲಕ್ಕೆ ನನಗೆ ತಡೆಯಲಾಗದೆ ಅಳು ಬಂತು. ಮೇಲೆ ನಿಂತಿದ್ದ ಹನಮಂತಪ್ಪ ಮಾಸ್ತರರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಳ್ಳುತ್ತಿದ್ದರು.

ಆ ಜುಲೈನಲ್ಲೇ ನನಗೆ ಬೇರೆ ಕಡೆ ವರ್ಗವಾಯಿತು. ದುರಗವ್ವ ಎರಡು ವರ್ಷ ಬದುಕಿದ್ದಳಂತೆ, ಕೊಡ ಹೊರುವ ಶಕ್ತಿ ಹೋದ ಮೇಲೂ ತಂಬಿಗೆ ಹಿಡಿದು ಬರುತ್ತಿದ್ದಳಂತೆ. ಮಾಸ್ತರರ ಕಾಗದಗಳು ಬಹಳ ವರ್ಷ ಬರುತ್ತಿದ್ದವು. ಒಮ್ಮೆ ಪಾವಟಿಗೆಯ ಮೇಲೆ ಮತ್ತೆ ತಕರಾರಾಯಿತೆಂದೂ, ಬುಟ್ಟಿ ಎತ್ತುವುದಿಲ್ಲವೆಂದ ಕೂಡಲೇ ಸರಿಹೋಯಿತೆಂದೂ ಬರೆದಿದ್ದರು. ಸಾಕ್ಷಿಯನ್ನು ಏಕೆ ಕಡಿಯಲಿಲ್ಲವೆಂದು ನಾನು ಆಮೇಲೆ ಯಾರನ್ನೂ ಕೇಳಲಿಲ್ಲ.

ಹೋದ ವರ್ಷ ಆ ಏರಿಯ ಮೇಲೆ ನಿಂತಾಗ ಹೊತ್ತು ಇಳಿಯುತ್ತಿತ್ತು. ಪಾವಟಿಗೆಯ ಹತ್ತಿರ ಹೋಗಿ, ಚಪ್ಪಲಿ ಕಳಚಿ, ಮೇಲಿನ ಮೆಟ್ಟಿಲ ಮುಂದೆ ಕೂತೆ. ನಲವತ್ತು ವರ್ಷದ ಕಾಲ್ತುಳಿತಕ್ಕೆ ಕಲ್ಲು ನುಣ್ಣಗಾಗಿ ನಡುವೆ ತಗ್ಗು ಬಿದ್ದಿತ್ತು. ಒಂದು ಮೂಲೆಯಲ್ಲಿ ಕೆಳಗಿನ ಮಣ್ಣು ಕೊಚ್ಚಿ ಸಂದಾಗಿತ್ತು. ಬೆರಳು ತೂರಿಸಿ ಅಡಿಭಾಗ ಸವರಿದೆ. ಅಕ್ಷರಗಳು ಸಿಕ್ಕವು, ಕೆತ್ತಿದ ದಿನದಷ್ಟೇ ಚೂಪಾಗಿ.

ಏರಿಯ ಮೇಲೆ ಹೋಗುತ್ತಿದ್ದ ಒಬ್ಬ ಹೆಣ್ಣುಮಗಳು ನಿಂತು, "ಏನು ಕಳಕೊಂಡೀರ್ರಿ ಅಮ್ಮಾರ?" ಎಂದು ಕೇಳಿದಳು.

"ಕಳಕೊಂಡಿಲ್ಲವ್ವಾ. ನಾನು ಬರದದ್ದೊಂದು ಇದರ ಬುಡಕ ಐತಿ."

"ಹೌದೇನ್ರಿ? ಗಂಡಸರು ಇಲ್ಲೇ ಅದಾರ, ಕಲ್ಲು ಎಬ್ಬಿಸಿ ತಗಿಸಿ ಕೊಡ್ಲೇನ್ರಿ?"

"ಬ್ಯಾಡವ್ವಾ" ಎಂದೆ. "ಅದು ಇರಬೇಕಾದಲ್ಲೇ ಐತಿ. ಮಳಿ ಬಂದ ಮ್ಯಾಲ ನೀವು ಇದರ ಮ್ಯಾಲ ಇಳದು ನೀರು ತುಂಬ್ರಿ."